ನಿಂಬೆ ಎಲೆಯ ಖಾನೇಸುಮಾರಿ

ಹೊರ್ತಿಯ ಹೆದ್ದಾರಿ ಬಿಟ್ಟು ಎರಡು ಮೈಲಿ,
ಸಿದರಾಯ ಬಿರಾದಾರರ ನಿಂಬೆ ತೋಟ.
ಹದಿನಾರು ಸಾಲು, ಸಾಲಿಗೆ ಹದಿನೈದು ಗಿಡ.
ನನ್ನ ಕೆಲಸ ಎಣಿಸುವುದು.
ಗಿಡಕ್ಕೆ ನಾಲ್ಕು ದಿಕ್ಕು, ದಿಕ್ಕಿಗೆ ಎರಡು ಎಲೆ;
ಎಲೆ ಮಗುಚಿ, ಕಣ್ಣಿಗೆ ಭೂತಗನ್ನಡಿ ಒತ್ತಿ,
ನಡುನರದ ದಂಡೆಯಲ್ಲಿ ಯಾರು ಕೂತಿದ್ದಾರೆ ನೋಡಿ
ಚೌಕದ ಹಾಳೆಯ ಮೇಲೆ ಚುಕ್ಕಿ ಇಡುವುದು.

ಕೆಂಪು ನುಸಿ ಕೂತಲ್ಲೇ ಕೂತು ಹೀರುತ್ತದೆ.
ಎಣಿಸುವುದು ಸುಲಭ,
ಊಟಕ್ಕೆ ಕೂತ ಪಂಕ್ತಿಯ ಹಾಗೆ.
ಅದನ್ನು ತಿನ್ನುವ ನುಸಿಯೇ ಬೇರೆ:
ನೀರಹನಿಯಂಥ ಮೈ, ಎಂಟು ಕಾಲು, ನಿಲ್ಲುವುದೇ ಇಲ್ಲ.
ಬೆಳಕು ಬಿದ್ದರೆ ನರದ ಸಂದಿಗೆ ಓಟ.
ಹಸಿದಾಗ ಗಾಜು.
ಉಂಡ ಮೇಲೆ ಉಂಡದ್ದರ ಬಣ್ಣ ಹೊಟ್ಟೆಯಲ್ಲಿ ಕಾಣುತ್ತದೆ,
ಏನನ್ನೂ ಮುಚ್ಚಿಡಲು ಬಾರದ ಜೀವ.

"ಏನ ಹುಡುಕ್ತೀಯವ್ವಾ, ಹೇನ?"
ಬುಟ್ಟಿ ಸೊಂಟಕ್ಕೇರಿಸಿ ಕೇಳಿದಳು ಭೌರವ್ವ,
ಮೊಣಕೈತನಕ ನಿಂಬೆಮುಳ್ಳಿನ ಗೀರು.
ಹೇನಲ್ಲ, ಹೇನು ತಿನ್ನುವಂಥದ್ದು ಎಂದೆ.
ನಕ್ಕಳು. "ಅಂಥಾದ್ದೊಂದ ನಮ್ಮನಿಗೂ ಕೊಟ್ಟ ಹೋಗು."

ಮೂರನೆಯ ವಾರಕ್ಕೆ ಹಾಳೆ ಬಾಯಿ ಬಿಟ್ಟಿತು.
ಮೊರಮಿನ ಟ್ರ್ಯಾಕ್ಟರ್ ಓಡಾಡುವ ಪಡುವಣ ಅಂಚಿನಲ್ಲಿ
ಎಲೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು;
ಅಲ್ಲಿ ಕೆಂಪು ನುಸಿಯ ಸಂತೆ, ಬೇಟೆಯವನು ನಾಪತ್ತೆ.
ನಡುತೋಟದಲ್ಲಿ ಸೊನ್ನೆ, ಸೊನ್ನೆ, ಒಂದು, ಸೊನ್ನೆ.
ಆಗ್ನೇಯ ಮೂಲೆಯಲ್ಲಿ ಮಾತ್ರ
ಎಲೆಗೆ ಮೂರು, ಎಲೆಗೆ ಐದು,
ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಹಾಳೆ ತೂತಾಗುವಷ್ಟು.

ಎಲ್ಲ ಕೂಡಿಸಿ ಭಾಗಿಸಿದರೆ ಎಲೆಗೆ ಅರ್ಧ ನುಸಿ.
ಅರ್ಧ ನುಸಿಯನ್ನು ನಾನು ಎಲ್ಲೂ ನೋಡಲಿಲ್ಲ.
ಸರಾಸರಿ ಎಂದರೆ
ಯಾರೂ ವಾಸವಿರದ ಮನೆಗೆ ಬರೆದ ವಿಳಾಸ.

ಫೋನಿನಲ್ಲಿ ಸರ್ ಅಂದರು:
ಆ ಮೂಲೆ ಮತ್ತೊಮ್ಮೆ ಎಣಿಸು, ತಪ್ಪಿರಬೇಕು.
ಮತ್ತೊಮ್ಮೆ ಎಣಿಸಿದೆ.
ಆರು.

ಮಣ್ಣು ಅದೇ, ನೀರು ಅದೇ ಬಾವಿಯದು,
ಸಸಿಗಳೆಲ್ಲ ಒಂದೇ ಗಾಡಿಯಲ್ಲಿ ಬಂದವು.
ಬದುವಿನಲ್ಲಿ ಒಂದು ಬೇವು; ಅದರ ಕೆಳಕೊಂಬೆಗೆ
ಸೆರಗು ಹರಿದ ಇಳಕಲ್ಲ ಸೀರೆಯ ಜೋಲಿ.
ಒಳಗೆ ಭೌರವ್ವನ ಮೊಮ್ಮಗಳು, ಒಂದು ಕಾಲು ಹೊರಗೆ.
ಸುತ್ತ ಕೊಯ್ಯದೆ ಬಿಟ್ಟ ಔಡಲ, ಪರಾಗ ಉದುರಿಸುತ್ತ.

ಆ ದಿನವೇ ದಸ್ತಗೀರ ಎಣ್ಣೆ ಹೊಡೆಯಲು ಬಂದ.
ಮೂಗಿಗೆ ಟವೆಲು, ಕೈಯಲ್ಲಿ ಉದ್ದನೆಯ ಗನ್ನು,
ಹಿಂದೆ ಎಳೆದಾಡುವ ಹಳದಿ ಪೈಪು.
ಹದಿನಾಲ್ಕನೆಯ ಸಾಲು, ಹನ್ನೊಂದನೆಯ ಗಿಡ:
ಗನ್ನು ಬಂದ್ ಮಾಡಿ ಹೊರಳಿ ನಡೆದ.
ಯಾಕೆಂದೆ.
"ಕೂಸ ಐತಲ್ಲ," ಅಂದ, ಇದೆಂಥ ಪ್ರಶ್ನೆ ಎಂಬಂತೆ.
ಹೋದ ವರ್ಷ?
"ಹೋದ ವರ್ಷ ಇದರ ಅಣ್ಣ. ಅದಕ್ಕೂ ಮೊದ್ಲ ಗಂಗೂನ ಮಗಳು.
ಖಾಲಿ ಯಾವಾಗ ಇತ್ತರೀ ಅದು?"

ಯಾರೂ ಅವನಿಗೆ ಹೇಳಿದ್ದಲ್ಲ.
ಬಿರಾದಾರರ ವಹಿಯಲ್ಲಿ ಇನ್ನೂರಾ ನಲವತ್ತು ಗಿಡಕ್ಕೂ
ಎಣ್ಣೆಯ ಲೆಕ್ಕ ಬರೆದಿದೆ.
ಮಿಕ್ಕದ್ದು ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ.

ಹಾಳೆಯಲ್ಲಿ ಮಣ್ಣಿಗೆ ಅಂಕಣವಿದೆ, ಗಾಳಿಗೆ, ತೇವಕ್ಕೆ,
ಗಿಡದ ವಯಸ್ಸಿಗೆ.
ಷರಾ ಎಂಬ ಅಂಚಿನ ಇಕ್ಕಟ್ಟಿನಲ್ಲಿ
ಜೋಲಿ ಎಂದು ಬರೆದೆ.
ಅಳಿಸಲು ಬರಲಿ ಎಂದು ಪೆನ್ಸಿಲಿನಲ್ಲಿ;
ಆಮೇಲೆ ಅದರ ಮೇಲೇ ಪೆನ್ನು ಆಡಿಸಿದೆ.

ಕೂಸು ಎದ್ದಿತು. ಭೂತಗನ್ನಡಿ ಕೊಟ್ಟೆ,
ಬಾಯಿಗೆ ಇಟ್ಟುಕೊಂಡಿತು.
ಒರೆಸಿಕೊಂಡು ಹದಿನೈದನೆಯ ಸಾಲಿಗೆ ಬಂದೆ,
ತೆಂಕಣ ದಿಕ್ಕಿನ ಎಲೆ.
ಒಂದು, ಎರಡು, ಮೂರು...
ನಾಲ್ಕನೆಯದು ಕೆಂಪು ಹೊಟ್ಟೆ ಹೊತ್ತು
ನಡುನರ ದಾಟಿ ಅಂಚಿಗೆ ಓಡಿ
ನನ್ನ ಉಗುರಿನ ಮೇಲೇರಿತು.
ಇದನ್ನು ಎಲೆಗೆ ಬರೆಯಲೋ, ನನಗೋ?

ಮತ್ತೆ ಒಂದರಿಂದ.